ಅಜ್ಜನಿಗೆ ಮೂರು ಪುಟ, ಅಪ್ಪನಿಗೆ ಅರ್ಧ ಪುಟ

ನಮ್ಮ ಸಿಮೆಂಟ್ ಅಂಗಡಿಯದೊಂದು ಸ್ಮರಣ ಸಂಚಿಕೆ ಬಂದಿದೆ. ಮಿರಿಮಿರಿ ಕಾಗದ, ಮೊದಲ ಪುಟದಲ್ಲಿ ಸ್ವಾಮೀಜಿಯವರ ಆಶೀರ್ವಚನ, ಆಮೇಲೆ ಹಾರ ಹಾಕಿದ ಅಜ್ಜನ ಫೋಟೋ, ಹಿಂದೆ ಜಾಹೀರಾತು. ದಾವಣಗೆರೆಯಲ್ಲಿ ಯಾವ ಸಂಚಿಕೆ ತೆಗೆದರೂ ಇದೇ ಕ್ರಮ ಬಿಡಿ. ಸಂಸ್ಥೆಯ ಇತಿಹಾಸ ಬರೆದುಕೊಡು ಅಂತ ಅಣ್ಣ ನನಗೆ ಹೇಳಿದ್ದ. ಬರೆದುಕೊಟ್ಟೆ. ಅಚ್ಚಾಗಿ ಬಂದಾಗ ನೋಡಿದರೆ ಅಜ್ಜನಿಗೆ ಮೂರು ಪುಟ, ಅಪ್ಪ ಮತ್ತು ದೊಡ್ಡಪ್ಪ ಇಬ್ಬರಿಗೂ ಸೇರಿ ಅರ್ಧ ಪುಟ. ನಾನು ಬರೆದದ್ದು ಹೆಚ್ಚುಕಮ್ಮಿ ಇದರ ಉಲ್ಟಾ ಇತ್ತು.

ಇದಕ್ಕೆ ಜಗಳವೇನೂ ಆಗಿಲ್ಲ. ಅಣ್ಣ "ಹಂಗೆಲ್ಲ ಬರೆದರೆ ಬಂದೋರು ಏನಂತಾರೆ" ಅಂದ, ನಾನು ಸುಮ್ಮನಾದೆ. ಆದರೆ ಬಿಟ್ಟುಹೋದ ಭಾಗವೇ ನನಗೆ ಜಾಸ್ತಿ ಇಷ್ಟವಾಗಿದ್ದು, ಅದಕ್ಕೆ ಇಲ್ಲಿ ಬರೆಯುತ್ತಿದ್ದೇನೆ. ನನ್ನ ವಾದ ಇಷ್ಟೇ. ಅಂಗಡಿ ಇಟ್ಟದ್ದು ಅಜ್ಜ ನಿಜ, ಆದರೆ ಅದನ್ನು ವ್ಯಾಪಾರ ಅಂತ ಮಾಡಿದ್ದು ಅವರ ಮಕ್ಕಳು. ಅಜ್ಜನ ಕಾಲದಲ್ಲಿ ಅಂಗಡಿಯನ್ನು ಬೆಳೆಸಿದ್ದು ದೇಶದಲ್ಲಿದ್ದ ಸಿಮೆಂಟಿನ ಬರ. ಮಗಳಾಗಿ ಅಪ್ಪನ ಪರ ವಕಾಲತ್ತು ಮಾಡ್ತಿದೀಯ ಅಂತ ನೀವು ಅನ್ನಬಹುದು. ಅನ್ನಿ, ಪರವಾಗಿಲ್ಲ.

ಅಜ್ಜ ಶುರು ಮಾಡಿದ್ದು ಸಿಮೆಂಟಿನಿಂದಲ್ಲ, ಸುಣ್ಣದಿಂದ. ಚಿತ್ರದುರ್ಗದ ಕಡೆಯ ಒಂದು ಹಳ್ಳಿಯಲ್ಲಿ ಸುಣ್ಣ ಸುಡುವವರ ಹತ್ತಿರ ಕೊಂಡು, ಎತ್ತಿನ ಗಾಡಿಯಲ್ಲಿ ಹೇರಿಕೊಂಡು ದಾವಣಗೆರೆ ಪೇಟೆಗೆ ತರುತ್ತಿದ್ದರು. ಸುಣ್ಣದ ಗೂಡು ಅಂದರೆ ಒಂದು ಪದರ ಕಲ್ಲು, ಒಂದು ಪದರ ಇದ್ದಿಲು ಅಥವಾ ಕಟ್ಟಿಗೆ, ಮತ್ತೆ ಕಲ್ಲು, ಮತ್ತೆ ಇದ್ದಿಲು, ಹೀಗೆ ತುಂಬಿ ಕೆಳಗಿನಿಂದ ಬೆಂಕಿ ಕೊಡುವುದು. ಸುಮಾರು 900 ಡಿಗ್ರಿ ಕಾವಿಗೆ ಕಲ್ಲೊಳಗಿನ ಇಂಗಾಲದ ಡೈಆಕ್ಸೈಡ್ ಹೊರಟುಹೋಗುತ್ತದೆ. ಶುದ್ಧ ಸುಣ್ಣದ ಕಲ್ಲಾದರೆ ನೂರು ಕೆಜಿ ಸುಟ್ಟಾಗ ಕೈಗೆ ಸಿಗುವುದು 56 ಕೆಜಿ, ಮಿಕ್ಕ 44 ಕೆಜಿ ಗಾಳಿಯ ಪಾಲು. ಕಲ್ಲನ್ನು ಪೇಟೆಗೆ ತಂದು ಸುಡದೆ, ಕಲ್ಲು ಸಿಗುವ ಕಡೆಯೇ ಗೂಡು ಹಾಕುತ್ತಿದ್ದದ್ದು ಇದಕ್ಕೇ. ಅರ್ಧಕ್ಕರ್ಧ ಭಾರವನ್ನು ಎತ್ತುಗಳು ಸುಮ್ನೆ ಯಾಕೆ ಎಳೆಯಬೇಕು ಹೇಳಿ.

ಆ ಸುಟ್ಟ ಕಲ್ಲಿಗೆ ನೀರು ತಾಗಬಾರದು. ತಾಗಿದರೆ ಬುಸುಗುಟ್ಟುತ್ತದೆ, ಕುದಿಯುತ್ತದೆ, ಪಕ್ಕದಲ್ಲಿ ಗೋಣಿ ಇದ್ದರೆ ಗೋಣಿಯೂ ಹೊತ್ತಿಕೊಳ್ಳುತ್ತದೆ. ಆನಗೋಡು ಹತ್ತಿರ ಅಕಾಲ ಮಳೆಗೆ ಸಿಕ್ಕಿ ಗಾಡಿ ಹೊಗೆಯಾಡತೊಡಗಿದಾಗ ಅಜ್ಜ ಎತ್ತುಗಳ ಕೊರಳು ಬಿಚ್ಚಿ ದೂರ ಓಡಿಸಿದರಂತೆ. ಸಂಚಿಕೆಯಲ್ಲಿ ಈ ಪ್ರಸಂಗ ಬಂದಿದೆ, ಚೆನ್ನಾಗಿಯೇ ಬಂದಿದೆ. ಆದರೆ ಗೂಡಿನಲ್ಲಿ ಸುಡುತ್ತಿದ್ದವರು ಯಾರು, ಆಮೇಲೆ ಅವರೇನಾದರು ಅನ್ನುವ ಬಗ್ಗೆ ಒಂದು ಸಾಲೂ ಇಲ್ಲ. ಸಿಮೆಂಟ್ ಬಂದ ಮೇಲೆ ಅಜ್ಜ ಅವರಲ್ಲಿಗೆ ಹೋಗುವುದನ್ನು ಕಡಿಮೆ ಮಾಡಿದರು, ಕೊನೆಗೆ ಬಿಟ್ಟೇಬಿಟ್ಟರು. ಅವರ ಪೈಕಿ ಒಬ್ಬ ಮಾತ್ರ ನಮ್ಮಲ್ಲೇ ಹಮಾಲಿ ಮಾಡಲು ಬಂದ. ಅವನ ಅಂಗೈ ಬಿರುಕುಗಳಲ್ಲಿ ಸದಾ ಬಿಳಿ ಗೆರೆ ಇರುತ್ತಿದ್ದವು ಅಂತ ಅಪ್ಪ ಹೇಳುತ್ತಿದ್ದರು.

ಸಂಚಿಕೆಯಲ್ಲಿ ಇಲ್ಲದ ಇನ್ನೊಬ್ಬರು ಅಜ್ಜಿ. ಅಜ್ಜ ಗಾಡಿ ಲೆಕ್ಕದಲ್ಲಿ ಮೇಸ್ತ್ರಿಗಳಿಗೆ ಮಾರಿದರೆ, ಅಜ್ಜಿ ಮನೆ ಜಗಲಿಯ ಮೇಲೆ ಕೂತು ಸೇರು ಲೆಕ್ಕದಲ್ಲಿ ಮಾರುತ್ತಿದ್ದರು. ಎಲೆ ಅಡಿಕೆಗೆ ತಿಳಿಸುಣ್ಣ ಬೇರೆ, ಯುಗಾದಿಗೆ ಗೋಡೆಗೆ ಬಳಿಯಲು ಬೇರೆ. ಬಳಿಯುವ ಸುಣ್ಣದ ಜೊತೆ ಒಂದು ಪೊಟ್ಟಣ ನೀಲಿ. ಗೋಡೆಗೆ ಒರಗಿದರೆ ಬೆನ್ನಿಗೆ ಹತ್ತಬಾರದು ಅಂದರೆ ಗಂಜಿ ಸೇರಿಸು ಅಂತ ಪುಕ್ಕಟೆ ಸಲಹೆ. ಮೇಸ್ತ್ರಿಗಳ ದುಡ್ಡು ಯಾವಾಗ ಬರುತ್ತದೋ ಹೇಳಲಿಕ್ಕಾಗದು, ಅಜ್ಜಿಯ ದುಡ್ಡು ದಿನಾ ಸಂಜೆ ಸೆರಗಿನ ಗಂಟಿಗೆ ಬರುತ್ತಿತ್ತು. ಆ ಗಂಟಿನಿಂದಲೇ ಎತ್ತಿನ ಹಿಂಡಿ, ಗಾಡಿ ಬಾಡಿಗೆ ಎಲ್ಲ ಸಾಗಿದ್ದು. ಇವತ್ತಿನ ಮಾತಿನಲ್ಲಿ ಹೇಳುವುದಾದರೆ ವರ್ಕಿಂಗ್ ಕ್ಯಾಪಿಟಲ್ ಇದ್ದದ್ದು ಜಗಲಿಯ ಮೇಲೆ.

ಸುಣ್ಣವನ್ನು ಹಳೇ ಕಾಲದ ಮಾಲು ಅಂತ ನಾವು ಸುಲಭಕ್ಕೆ ತಳ್ಳಿಬಿಡುತ್ತೇವೆ. ಹಿರಿಯೂರಿನ ವಾಣಿವಿಲಾಸ ಸಾಗರಕ್ಕೆ ಹೋಗಿ ನೋಡಿ. ಅಲ್ಲಿನ ಮಾರಿಕಣಿವೆ ಅಣೆಕಟ್ಟೆ ಕಟ್ಟಿ ಮುಗಿದದ್ದು 1907ರಲ್ಲಿ. ದೇಶದ ಮೊದಲ ಯಶಸ್ವಿ ಸಿಮೆಂಟ್ ಕಾರ್ಖಾನೆ, ಪೋರಬಂದರಿನದು, ಮಾಲು ತೆಗೆಯಲು ಶುರು ಮಾಡಿದ್ದೇ 1914ರಲ್ಲಿ. ಅಂದರೆ ವೇದಾವತಿಯನ್ನು ನಿಲ್ಲಿಸಿದ್ದು ಕಲ್ಲು ಮತ್ತು ಸುಣ್ಣದ ಗಾರೆ. ಗಾಣದಲ್ಲಿ ಎತ್ತು ಕಟ್ಟಿ ಅರೆದ ಗಾರೆ ನಿಧಾನಕ್ಕೆ ಗಟ್ಟಿಯಾಗುತ್ತದೆ. ಗೂಡಿನಲ್ಲಿ ಕಳೆದುಕೊಂಡ ಗಾಳಿಯನ್ನು ವರ್ಷಗಟ್ಟಲೆ ಮತ್ತೆ ಎಳೆದುಕೊಂಡು ಕಲ್ಲಾಗುತ್ತಾ ಹೋಗುತ್ತದೆ. 1933ರಲ್ಲಿ ಕೋಡಿ ಬಿದ್ದ ಆ ಕೆರೆ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ, ಕಟ್ಟೆಗೆ ಏನೂ ಆಗಲಿಲ್ಲ. ಸುಣ್ಣ ಸೋತದ್ದು ಗಟ್ಟಿತನದಲ್ಲಲ್ಲ, ಹೊತ್ತಿನಲ್ಲಿ. ಸಿಮೆಂಟಾದರೆ ಇವತ್ತು ಕಟ್ಟಿದ ಗೋಡೆಯ ಮೇಲೆ ನಾಳೆ ಮತ್ತೆ ಕಟ್ಟಬಹುದು. ಕೂಲಿ ದಿನದ ಲೆಕ್ಕದಲ್ಲಿ ಕೊಡುವ ಕಾಲಕ್ಕೆ ಅದೇ ಗೆದ್ದಿತು.

ಇದು ನಮ್ಮೂರಿನ ಕಥೆ ಮಾತ್ರ ಅಲ್ಲ. ಜಗತ್ತಿನ ದೊಡ್ಡ ಸಿಮೆಂಟ್ ಕಂಪನಿಗಳಲ್ಲಿ ಒಂದಾಗಿದ್ದ ಫ್ರಾನ್ಸಿನ ಲಫಾರ್ಜ್ ಕೂಡ ಒಂದು ಮನೆತನದ ಸುಣ್ಣದ ಗೂಡಿನಿಂದಲೇ ಬೆಳೆದದ್ದು. ಪಾವಿನ್ ಅನ್ನುವ ಮನೆತನ, ಊರು ಲ ತೇಯ್, ವರ್ಷ 1833. ಅವರ ಅದೃಷ್ಟ ಕುದುರಿದ್ದು 1864ರಲ್ಲಿ, ಸೂಯೆಜ್ ಕಾಲುವೆಗೆ 1,10,000 ಟನ್ ಸುಣ್ಣ ಕೊಡುವ ಗುತ್ತಿಗೆ ಸಿಕ್ಕಾಗ. ಅಲ್ಲೂ ಮನೆತನ ಕಷ್ಟಪಟ್ಟಿತು ಅನ್ನುವುದು ಎಷ್ಟು ನಿಜವೋ, ಯಾರೋ ಎಲ್ಲೋ ಕಾಲುವೆ ತೋಡಿದರು ಅನ್ನುವುದೂ ಅಷ್ಟೇ ನಿಜ. ನಮ್ಮ ಅಜ್ಜನ ಪಾಲಿಗೆ ಆ ಕಾಲುವೆಯಾಗಿ ಬಂದದ್ದು ಸಿಮೆಂಟ್ ಪರ್ಮಿಟ್.

ಈಗಿನವರಿಗೆ ಇದನ್ನು ನಂಬಿಸುವುದು ಕಷ್ಟ. ಎರಡನೇ ಮಹಾಯುದ್ಧದ ಕಾಲದಿಂದ ಸಿಮೆಂಟಿನ ಬೆಲೆಯನ್ನೂ ಹಂಚಿಕೆಯನ್ನೂ ಸರ್ಕಾರವೇ ನೋಡಿಕೊಳ್ಳುತ್ತಿತ್ತು. ಬೆಲೆ ಕಟ್ಟಿಹಾಕಿದ್ದರಿಂದ ಹೊಸ ಕಾರ್ಖಾನೆ ಹಾಕಲು ಯಾರಿಗೂ ಹುರುಪಿಲ್ಲ, ಕಾರ್ಖಾನೆ ಇಲ್ಲದ್ದರಿಂದ ಮಾಲಿಲ್ಲ, ಮಾಲಿಲ್ಲದ್ದರಿಂದ ಪರ್ಮಿಟ್. ಮನೆ ಕಟ್ಟುವವನು ಅರ್ಜಿ ಹಾಕಬೇಕು, ಪ್ಲಾನ್ ತೋರಿಸಬೇಕು, ಸಹಿಗೆ ಅಲೆಯಬೇಕು, ಆಮೇಲೆ ಆ ಚೀಟಿ ಹಿಡಿದು ಅಂಗಡಿಗೆ ಬರಬೇಕು. ಅಷ್ಟರಲ್ಲಿ ವ್ಯಾಗನ್ ಬಂದಿರಬೇಕಲ್ಲ! ಮೀಟರ್ ಗೇಜ್ ರೈಲಿನ ಕಾಲ ಅದು. ಭದ್ರಾವತಿಯ ಸಿಮೆಂಟಾದರೆ ಬೀರೂರು ಸುತ್ತಿ ಬರಬೇಕು. ವ್ಯಾಗನ್ ಬಂತು ಅನ್ನುವ ಸುದ್ದಿ ಗೂಡ್ಸ್ ಶೆಡ್ಡಿನಿಂದ ಮಂಡಿಪೇಟೆಗೆ ಹಮಾಲರಿಗಿಂತ ಮೊದಲು ತಲುಪುತ್ತಿತ್ತು.

ಅಜ್ಜನಿಗೆ ಸಿಮೆಂಟ್ ದಾಸ್ತಾನಿಟ್ಟು ಮಾರುವ ಸ್ಟಾಕಿಸ್ಟ್ ಪರವಾನಗಿ ಸಿಕ್ಕಿತು. ಹೇಗೆ ಸಿಕ್ಕಿತು ಅನ್ನುವುದಕ್ಕೆ ಮನೆಯಲ್ಲಿ ಎರಡು ಮೂರು ಕಥೆಗಳಿವೆ, ಎಲ್ಲದರಲ್ಲೂ ಅಜ್ಜನೇ ಹೀರೋ. ಸಿಕ್ಕಿದ ಮೇಲೆ ಮಾತ್ರ ಮಾರಾಟ ಅನ್ನುವ ಕಷ್ಟವೇ ಉಳಿಯಲಿಲ್ಲ. ಗಿರಾಕಿಯೇ ಕೈಮುಗಿದು ನಿಲ್ಲುತ್ತಿದ್ದ. "ಸಾವುಕಾರ್ರೇ, ಮಗಳ ಮದುವೆ ಐತೆ, ಮಾಳಿಗೆ ಸೋರ್ತೈತೆ, ಒಂದಿಪ್ಪತ್ತು ಚೀಲ ಆದ್ರೂ ಕೊಡ್ರಿ" ಅಂತ ಹಳ್ಳಿಯವರು ಬೆಳಿಗ್ಗೆಯೇ ಬಂದು ಮೆಟ್ಟಿಲ ಮೇಲೆ ಕೂರುತ್ತಿದ್ದರು. ಚೀಲ ಲಾರಿಯಿಂದ ಇಳಿಯುವ ಮೊದಲೇ ಮಾರಾಟವಾಗಿರುತ್ತಿತ್ತು. ಗೋಡೌನಿನಲ್ಲಿ ಹಳೇ ಮಾಲು ಅನ್ನುವ ಪ್ರಶ್ನೆಯೇ ಇಲ್ಲ. ಗೋಣಿಚೀಲದಿಂದ ಉದುರಿದ್ದನ್ನು ಗುಡಿಸಿ, ಜರಡಿ ಹಿಡಿದು, ಅದನ್ನೂ ಮಾರುತ್ತಿದ್ದರು. ಅದಕ್ಕೂ ಗಿರಾಕಿ ಇದ್ದ.

ಅಜ್ಜ ಒಂದು ಚೀಲವನ್ನೂ ಬ್ಲಾಕಿನಲ್ಲಿ ಮಾರಲಿಲ್ಲ ಅಂತ ಸಂಚಿಕೆಯಲ್ಲಿ ದಪ್ಪ ಅಕ್ಷರದಲ್ಲಿದೆ. ನಾನೂ ನಂಬುತ್ತೇನೆ, ಅವರ ಸ್ವಭಾವವೇ ಹಾಗಿತ್ತು. ಆದರೆ ಯಾರಿಗೆ ಮೊದಲು, ಯಾರಿಗೆ ಆಮೇಲೆ ಅನ್ನುವುದನ್ನು ತೀರ್ಮಾನ ಮಾಡುತ್ತಿದ್ದವರು ಅವರೇ ಅಲ್ವಾ? ಸಿಮೆಂಟ್ ಇಲ್ಲದ ಊರಿನಲ್ಲಿ ಅದೇನು ಸಣ್ಣ ಅಧಿಕಾರವಲ್ಲ. ಸಮಯಕ್ಕೆ ಸರಿಯಾಗಿ ಚೀಲ ಸಿಕ್ಕವರು ಋಣ ಇಟ್ಟುಕೊಳ್ಳುತ್ತಿದ್ದರು. ಒಬ್ಬರು ಪಿ.ಬಿ. ರಸ್ತೆಯ ಜಾಗ ಮಾರಾಟಕ್ಕಿದೆ ಅಂತ ಮೊದಲು ಇವರಿಗೇ ಹೇಳಿದರು, ಇನ್ನೊಬ್ಬರು ಶಾಲೆ ಕಟ್ಟುವ ಕೆಲಸ ಇವರಿಗೇ ವಹಿಸಿದರು. ನಮ್ಮ ಗುತ್ತಿಗೆ ವಿಭಾಗ ಶುರುವಾದದ್ದೇ ಹೀಗೆ. ಮಾಲು ಯಾರ ಹತ್ತಿರ ಇದೆಯೋ ಅವರೇ ಕಟ್ಟಿಕೊಡಲಿ ಅನ್ನುವುದು ಆ ಕಾಲದ ಲೆಕ್ಕ. ಇದರಲ್ಲಿ ಮೋಸ ಇಲ್ಲ. ಆದರೆ ಇದನ್ನು ದೂರದೃಷ್ಟಿ ಅಂತ ಬರೆಯಲು ನನಗೆ ಕೈ ಬರಲಿಲ್ಲ.

ಆ ವ್ಯವಸ್ಥೆ ಎಷ್ಟು ಕೊಳೆತಿತ್ತು ಅಂದರೆ, ಸಿಮೆಂಟ್ ಹಂಚಿಕೆಯ ವಿವಾದದಲ್ಲಿ ಮಹಾರಾಷ್ಟ್ರದ ಮುಖ್ಯಮಂತ್ರಿಯೇ 1982ರ ಜನವರಿಯಲ್ಲಿ ರಾಜೀನಾಮೆ ಕೊಡಬೇಕಾಯಿತು. ಮರು ತಿಂಗಳು, ಫೆಬ್ರುವರಿ 28ಕ್ಕೆ, ಕೇಂದ್ರ ಸರ್ಕಾರ ಅರ್ಧ ಬಾಗಿಲು ತೆರೆಯಿತು. ಹಳೇ ಕಾರ್ಖಾನೆಗಳು ಮೂರರಲ್ಲಿ ಎರಡು ಪಾಲನ್ನು ಸರ್ಕಾರ ಹೇಳಿದ ಬೆಲೆಗೆ ಕೊಡಬೇಕು, ಹೊಸವು ಅರ್ಧ ಕೊಡಬೇಕು, ಉಳಿದದ್ದನ್ನು ಬೇಕಾದ ಬೆಲೆಗೆ ಮಾರಬಹುದು. ನಮ್ಮ ಗೋಡೌನಿನಲ್ಲಿ ಎರಡು ಸಾಲು ಬಂದವು. ಒಂದು ಸರ್ಕಾರದ ಬೆಲೆಯ ಲೆವಿ ಸಿಮೆಂಟ್, ಒಂದು ಬಿಡುಬೆಲೆಯ ನಾನ್ ಲೆವಿ. ಒಂದೇ ಕಾರ್ಖಾನೆಯ ಒಂದೇ ಮಾಲಿಗೆ ಎರಡು ರೇಟು. ಗೋಡೌನಿನ ಬೀಗದ ಕೈಯನ್ನು ಅಜ್ಜ ಆಗ ತಮ್ಮ ಸೊಂಟಕ್ಕೇ ಕಟ್ಟಿಕೊಂಡರಂತೆ, ದೊಡ್ಡಪ್ಪನಿಗೂ ಕೊಡುತ್ತಿರಲಿಲ್ಲ.

1989ರ ಮಾರ್ಚ್ 1ಕ್ಕೆ ಪೂರ್ತಿ ನಿಯಂತ್ರಣ ಹೋಯಿತು. ನಮ್ಮ ಅಂಗಡಿ ನಿಜವಾಗಿ ಶುರುವಾದ ದಿನ ಅದೇ ಅಂತ ನಾನು ಬರೆದಿದ್ದೆ. ಅಣ್ಣ ಹೊಡೆದುಹಾಕಿದ ಮೊದಲ ಸಾಲು ಇದು.

ಯಾಕೆ ಹಾಗೆ ಬರೆದೆ ಅಂದರೆ, ಆಮೇಲಿನ ವರ್ಷಗಳಲ್ಲಿ ಪರ್ಮಿಟ್ ಕಾಲದ ಎಷ್ಟೋ ಅಂಗಡಿಗಳು ಮುಚ್ಚಿಹೋದವು. ದುಡ್ಡಿದ್ದ ಯಾರು ಬೇಕಾದರೂ ಏಜೆನ್ಸಿ ತರಬಹುದಾಯಿತು. ಪಿ.ಬಿ. ರಸ್ತೆಯ ಉದ್ದಕ್ಕೂ, ಹದಡಿ ರಸ್ತೆಯಲ್ಲಿ, ಸಿಮೆಂಟ್ ಬೋರ್ಡುಗಳು ಎದ್ದವು. ಕೈಮುಗಿಯುತ್ತಿದ್ದ ಗಿರಾಕಿ ಈಗ ಪಕ್ಕದ ಅಂಗಡಿಯ ರೇಟು ಹೇಳಿ ಎದ್ದುಹೋಗತೊಡಗಿದ. ಅಜ್ಜನಿಗೆ ಇದು ಅರ್ಥವೇ ಆಗಲಿಲ್ಲ. ಗಿರಾಕಿಯನ್ನು ಕಾಯಿಸಿ ಅಭ್ಯಾಸವಿದ್ದ ಅವರು, ತಾವೇ ಕಾಯುವ ಕಾಲ ಬಂದಾಗ ಒಳಗೆ ಹೋಗಿ ಮಲಗಿಬಿಡುತ್ತಿದ್ದರು. ಗಲ್ಲಾ ಮೇಲೆ ಅಪ್ಪ ಕೂತರು, ಗೋಡೌನು ದೊಡ್ಡಪ್ಪ ನೋಡಿಕೊಂಡರು.

ಇಬ್ಬರೂ ಮಾಡಿದ್ದು ಫೋಟೋಕ್ಕೆ ಬರುವಂಥ ಕೆಲಸವಲ್ಲ. ಉದಾಹರಣೆಗೆ ಕಂಬಿ. ಎಂಟು ಎಂಎಂ ಕಂಬಿಯ ತೂಕ ಎಷ್ಟು? ವ್ಯಾಸವನ್ನು ವ್ಯಾಸದಿಂದಲೇ ಗುಣಿಸಿ 162ರಿಂದ ಭಾಗಿಸಿದರೆ ಮೀಟರಿಗೆ 0.395 ಕೆಜಿ. ಹನ್ನೆರಡು ಮೀಟರಿನ ಒಂದು ಕಂಬಿ 4.74 ಕೆಜಿ ತೂಗಬೇಕು. ಆದರೆ ಸಣ್ಣ ಕಂಬಿಯಲ್ಲಿ ನೂರಕ್ಕೆ 7ರಷ್ಟು ಹೆಚ್ಚು ಕಡಿಮೆ ಇರಬಹುದು ಅಂತ ಐಎಸ್ 1786 ಮಾನಕವೇ ಒಪ್ಪುತ್ತದೆ. ಅಂದರೆ 4.41 ಕೆಜಿ ತೂಗಿದರೂ ಅದು ಕಾನೂನು ಪ್ರಕಾರ ಸರಿ. ಈಗ ಲೆಕ್ಕ ನೋಡಿ. ಸರಿಯಾದ ತೂಕದಲ್ಲಿ ಒಂದು ಟನ್ನಿಗೆ 211 ಕಂಬಿ ಬರುತ್ತವೆ, ಹಗುರ ಕಂಬಿಯಾದರೆ ಸುಮಾರು 226. ಅಂಗಡಿಯವನು ತೂಕದಲ್ಲಿ ಕೊಂಡು, ಒಂದೊಂದು ಕಂಬಿಗೆ ಇಷ್ಟು ಅಂತ ನಗದ ಲೆಕ್ಕದಲ್ಲಿ ಮಾರಿದರೆ ಟನ್ನಿಗೆ ಹದಿನೈದು ಕಂಬಿ ಅವನಿಗೆ ಪುಕ್ಕಟೆ. ಮನೆ ಕಟ್ಟುವವನಿಗೆ ಕಂಬಿ ಎಣಿಸುವುದು ಗೊತ್ತು, ತೂಗುವುದು ಗೊತ್ತಿಲ್ಲ. ದೊಡ್ಡಪ್ಪ ಎಷ್ಟು ಸಣ್ಣ ಗಿರಾಕಿ ಬಂದರೂ ತೂಗಿಯೇ ಕೊಡುವುದು ಅಂತ ಹಟ ಹಿಡಿದರು. ಮೊದಮೊದಲು ಗಿರಾಕಿಗಳಿಗೇ ಅನುಮಾನ. ಪಕ್ಕದವರು ನಗಕ್ಕೆ ಇಷ್ಟು ಅಂತಾರೆ, ನೀವು ಕೆಜಿ ಕೆಜಿ ಅಂತೀರಲ್ಲ ಅಂತ. ತಕ್ಕಡಿ ಕಾಟಾ ಮುಂದೆ ನಿಲ್ಲಿಸಿ, ಪಕ್ಕದಂಗಡಿಯಿಂದ ತಂದ ಒಂದು ಕಂಬಿಯನ್ನೂ ತೂಗಿ ತೋರಿಸುತ್ತಿದ್ದರು. ಮಾತು ಕಡಿಮೆ ದೊಡ್ಡಪ್ಪನದು. ಮುಳ್ಳು ತೋರಿಸಿ ಸುಮ್ಮನೆ ನಿಲ್ಲುತ್ತಿದ್ದರು.

ಗೋಡೌನೂ ಹಾಗೇ. ಪರ್ಮಿಟ್ ಕಾಲದಲ್ಲಿ ಮಾಲು ನಿಲ್ಲುತ್ತಿರಲಿಲ್ಲ, ಈಗ ನಿಲ್ಲುತ್ತದೆ. ನಿಂತ ಸಿಮೆಂಟ್ ಮೂರು ತಿಂಗಳಿಗೆ ಐದನೇ ಒಂದು ಪಾಲಿನಷ್ಟು ಶಕ್ತಿ ಕಳೆದುಕೊಳ್ಳುತ್ತದೆ, ಮಳೆಗಾಲದಲ್ಲಿ ಇನ್ನೂ ಬೇಗ. ನೆಲಕ್ಕೆ ಹಲಗೆ ಹಾಕಬೇಕು, ಗೋಡೆಯಿಂದ ಒಂದಡಿ ಬಿಟ್ಟು ಜೋಡಿಸಬೇಕು, ಹತ್ತು ಚೀಲಕ್ಕಿಂತ ಎತ್ತರ ಪೇರಿಸಬಾರದು, ಮೊದಲು ಬಂದದ್ದು ಮೊದಲು ಹೋಗಬೇಕು. ಕೊನೆಯದು ಹೇಳಲು ಸುಲಭ. ಹೊಸ ಲೋಡನ್ನು ಹಳೇ ಸಾಲಿನ ಮುಂದೆ ಇಳಿಸುವುದು ಹಮಾಲರಿಗೆ ಹಗುರ, ಹಿಂದೆ ಹೊತ್ತುಕೊಂಡು ಹೋಗಿ ಇಡುವುದು ಭಾರ. ಅವರಿಗೆ ಕೂಲಿ ಚೀಲದ ಲೆಕ್ಕ, ನಡೆದ ದೂರದ ಲೆಕ್ಕ ಅಲ್ಲ. ಅದಕ್ಕೇ ಎರಡು ಕಡೆ ಬಾಗಿಲಿಟ್ಟು ಗೋಡೌನನ್ನೇ ಮತ್ತೆ ಕಟ್ಟಿಸಿದರು. ಒಂದು ಬಾಗಿಲಲ್ಲಿ ಇಳಿಸುವುದು, ಇನ್ನೊಂದರಲ್ಲಿ ಹೇರುವುದು. ಇಡೀ ಸಂಚಿಕೆಯಲ್ಲಿ ಈ ಎರಡನೇ ಬಾಗಿಲಿನ ಮಾತಿಲ್ಲ. ನನ್ನ ಪ್ರಕಾರ ನಮ್ಮ ಮನೆತನ ಮಾಡಿದ ಅತಿ ಬುದ್ಧಿವಂತ ಕೆಲಸ ಅದು.

ಅಪ್ಪನ ಹೋರಾಟ ಬೇರೆ ಥರದ್ದು, ಮೇಸ್ತ್ರಿಗಳ ಜೊತೆ. 53 ಗ್ರೇಡ್ ಬಂದ ಮೇಲೆ ಎಲ್ಲರಿಗೂ 53 ಬೇಕು. ನಂಬರ್ ದೊಡ್ಡದು, ಸಿಮೆಂಟ್ ಗಟ್ಟಿ, ಮುಗಿಯಿತು ಕಥೆ. 28 ದಿನಕ್ಕೆ ಎಷ್ಟು ಒತ್ತಡ ತಡೆಯುತ್ತದೆ ಅನ್ನುವ ಅಂಕಿ ಅದು, ಗೋಡೆಗೆ ಗಾರೆ ಬಳಿಯಲು ಅಷ್ಟು ಬೇಕಿಲ್ಲ ಅಂತ ಅಪ್ಪ ಹೇಳಿದರೆ ಮೇಸ್ತ್ರಿಗಳು ನಗುತ್ತಿದ್ದರು. ಆಮೇಲೆ ಹಾರುಬೂದಿ ಸೇರಿಸಿದ ಪಿಪಿಸಿ ಬಂತು. ಅದಕ್ಕೆ ಬೂದಿ ಸಿಮೆಂಟ್ ಅಂತಲೇ ಹೆಸರಿಟ್ಟರು. ಉಷ್ಣ ಸ್ಥಾವರದ ಕಲ್ಲಿದ್ದಲಿನ ಬೂದಿಯನ್ನು ಒಳ್ಳೇ ಸಿಮೆಂಟಿಗೆ ಬೆರೆಸಿ ಟೋಪಿ ಹಾಕ್ತಾರೆ ಅನ್ನುವುದು ಪೇಟೆಯ ನಂಬಿಕೆ. ನೂರರಲ್ಲಿ 15ರಿಂದ 35ರವರೆಗೆ ಬೂದಿ ಸೇರಿಸಲು ಮಾನಕವೇ ಇದೆ. ಸುಣ್ಣದ ಜೊತೆ ಸೇರಿ ಅದೂ ಗಟ್ಟಿಯಾಗುತ್ತದೆ, ಬಿರುಕು ಕಡಿಮೆ, ಆದರೆ ಮೊದಲ ದಿನಗಳಲ್ಲಿ ನಿಧಾನ. ನಿಧಾನ ಅಂದರೆ ಹೆಚ್ಚು ದಿನ ನೀರು ಹೊಡೆಯಬೇಕು, ಕಾಂಕ್ರೀಟಿಗೆ ಆಧಾರ ಕೊಟ್ಟ ಸೆಂಟ್ರಿಂಗ್ ಹಲಗೆ ಬೇಗ ಬಿಚ್ಚಬಾರದು. ಮೇಸ್ತ್ರಿಗೆ ಹಲಗೆ ಬೇರೆ ಕಡೆ ಸಾಗಿಸುವ ಅವಸರ, ಮನೆಯವನಿಗೆ ನೀರು ಹೊಡೆಯುವ ಬೇಸರ. ಬೈಗುಳ ಮಾತ್ರ ಸಿಮೆಂಟಿಗೆ.

ಅಪ್ಪ ಏನು ಮಾಡಿದರು ಅಂದರೆ, ತಾರಸಿಗೆ ಮೋಲ್ಡ್ ಹಾಕಿದ ಮನೆಗಳಿಗೆ ಸಂಜೆ ಸ್ಕೂಟರ್ ತಗೊಂಡು ಹೋಗುತ್ತಿದ್ದರು. ಮಾಲು ಮಾರಿ ಆಗಿದೆ, ದುಡ್ಡು ಬಂದಾಗಿದೆ, ಆದರೂ ಹೋಗುವುದು. ತಾರಸಿ ಮೇಲೆ ಮಣ್ಣಿನ ಬದು ಕಟ್ಟಿ ನೀರು ನಿಲ್ಲಿಸಿದ್ದಾರಾ, ಬದು ಒಡೆದಿದೆಯಾ ನೋಡುವುದು. ನಿಟುವಳ್ಳಿ, ವಿದ್ಯಾನಗರ, ಕೆ.ಟಿ.ಜೆ. ನಗರ, ಎಲ್ಲೆಲ್ಲಿ ಹೊಸ ಮನೆಯೋ ಅಲ್ಲಿ. ರಾತ್ರಿ ಊಟಕ್ಕೆ ತಡವಾಗಿ ಬಂದು ಅಮ್ಮನ ಹತ್ತಿರ ಬೈಸಿಕೊಳ್ಳುವುದು. ಒಂದು ಸಲ ನನ್ನನ್ನೂ ಕೂರಿಸಿಕೊಂಡು ಹೋಗಿದ್ದರು. ಮನೆಯವರು ಬೀಗ ಹಾಕಿ ಊರಿಗೆ ಹೋಗಿದ್ದರು. ತಾರಸಿ ಒಣಗಿ ಬಿಳಿಚಿಕೊಂಡಿತ್ತು. ಪಕ್ಕದ ಮನೆಯಿಂದ ಕೊಡ ಇಸಿದುಕೊಂಡು, ಪಂಚೆ ಎತ್ತಿ ಕಟ್ಟಿ, ಏಣಿ ಹತ್ತಿ ಇಳಿದು ತಾವೇ ನೀರು ಹಾಕಿದರು. ಕೆಳಗೆ ನಿಂತು ಕೊಡ ಎತ್ತಿಕೊಡುವುದು ನನ್ನ ಕೆಲಸ. "ಸೋರಿದರೆ ನಾಳೆ ನಮ್ಮ ಅಂಗಡಿ ಹೆಸರು ಹೇಳ್ತಾರೆ, ನೀರು ಹಾಕ್ಲಿಲ್ಲ ಅಂತ ಯಾರೂ ಹೇಳೋಲ್ಲ" ಅಂದರು. ಅಷ್ಟೇ ಕಾರಣ, ಬೇರೆ ದೊಡ್ಡ ತತ್ವ ಏನೂ ಇಲ್ಲ.

ಉದ್ರಿ ವಿಷಯಕ್ಕೆ ಬಂದರೆ ಅಪ್ಪ ಹಳೇ ಕಾಲದವರು. ಭದ್ರಾ ನಾಲೆ ನೀರಿನ ಭತ್ತದ ರೈತನಿಗೆ ದುಡ್ಡು ಬರುವುದು ಕೊಯ್ಲಿಗೆ, ಚನ್ನಗಿರಿ ಕಡೆಯ ಅಡಿಕೆಯವನಿಗೆ ಕೇಣಿ, ಅಂದರೆ ಫಸಲಿನ ಗುತ್ತಿಗೆ, ಮುಗಿದ ಮೇಲೆ, ಜಗಳೂರಿನ ಒಣಬೇಸಾಯದವನಿಗೆ ಮಳೆ ಬಂದರೆ ಮಾತ್ರ. ಎಲ್ಲರಿಗೂ ಮೂವತ್ತು ದಿನ ಅನ್ನುವ ಕಂಪನಿಯ ನಿಯಮ ಇಟ್ಟುಕೊಂಡರೆ ಇಲ್ಲಿ ಅಂಗಡಿ ನಡೆಯುವುದಿಲ್ಲ. ನಾಲೆಗೆ ನೀರು ಬಿಡುವುದು ತಡವಾಯಿತು ಅಂತ ಪೇಪರಿನಲ್ಲಿ ಬಂದರೆ, ಅಪ್ಪ ಆ ತಿಂಗಳು ಕಂಪನಿಗೆ ಆರ್ಡರ್ ಕಡಿಮೆ ಮಾಡುತ್ತಿದ್ದರು. ಸಿಮೆಂಟ್ ಅಂಗಡಿಯವನು ಜಲಾಶಯದ ಮಟ್ಟ ನೋಡುವುದು ಹೊರಗಿನವರಿಗೆ ತಮಾಷೆ ಅನಿಸಬಹುದು.

ಗುತ್ತಿಗೆ ವಿಭಾಗ ಚಿಕ್ಕಪ್ಪನದು. ದಾವಣಗೆರೆಯ ಬಿಡಿಟಿ ಇಂಜಿನಿಯರಿಂಗ್ ಕಾಲೇಜಿನಲ್ಲಿ ಸಿವಿಲ್ ಓದಿದ ಮನೆಯ ಮೊದಲ ಇಂಜಿನಿಯರ್. ಅಕ್ಕಿ ಗಿರಣಿಗಳ ಭತ್ತ ಒಣಗಿಸುವ ಅಂಗಳ ಹಾಕುವುದರಲ್ಲಿ ಅವರು ಎತ್ತಿದ ಕೈ. ಅಷ್ಟು ದೊಡ್ಡ ಕಾಂಕ್ರೀಟ್ ಹಾಸನ್ನು ಒಂದೇ ಸಮ ಹಾಕಿದರೆ ಬಿಸಿಲಿಗೆ ಬಿರುಕು ಬಿಟ್ಟು, ಬಿರುಕಿಗೆ ಭತ್ತ ಸಿಕ್ಕಿಕೊಳ್ಳುತ್ತದೆ. ಚೌಕ ಚೌಕವಾಗಿ ಕತ್ತರಿಸಿ ಹಾಕಬೇಕು, ಮಳೆ ನೀರು ಹರಿದುಹೋಗಲು ನವಿರಾಗಿ ಇಳಿಜಾರು ಕೊಡಬೇಕು. ಈ ಖಾಸಗಿ ಕೆಲಸಗಳಲ್ಲೇ ಇದ್ದಿದ್ದರೆ ಚೆನ್ನಾಗಿತ್ತು. ಸರ್ಕಾರಿ ಕೆಲಸ ಹಿಡಿದರು, ಕಟ್ಟಡ ಮುಗಿಯಿತು, ಬಿಲ್ ಬರಲಿಲ್ಲ. ಇಲಾಖೆ ಹೆಸರು ಬೇಡ ಬಿಡಿ. ಬಿಲ್ಲಿಗಾಗಿ ಅಲೆದ ವರ್ಷಗಳಲ್ಲಿ ಚಿಕ್ಕಪ್ಪನ ಸಾಲವೆಲ್ಲ ಅಂಗಡಿಯ ಪುಸ್ತಕದಲ್ಲಿ ಉದ್ರಿಯಾಗಿ ಕೂತಿತು. ಮನೆಯವನಿಗೆ ಕೊಟ್ಟ ಉದ್ರಿ ವಸೂಲಿ ಮಾಡುವುದು ಹೇಗೆ? ಕೊನೆಗೆ ಪಾಲಾಯಿತು. ಸಂಚಿಕೆಯಲ್ಲಿ "ಆಡಳಿತದ ಅನುಕೂಲಕ್ಕಾಗಿ ವಿಭಾಗಗಳನ್ನು ಪ್ರತ್ಯೇಕಿಸಲಾಯಿತು" ಅಂತಿದೆ. ಆ ಅನುಕೂಲದ ವರ್ಷ ದೀಪಾವಳಿಯ ಲಕ್ಷ್ಮಿ ಪೂಜೆ ಎರಡು ಕಡೆ ನಡೆಯಿತು, ಅಜ್ಜಿ ಎರಡಕ್ಕೂ ಹೋಗಲಿಲ್ಲ.

ಅಣ್ಣನ ಕಾಲ ನನಗೆ ಅಷ್ಟಾಗಿ ಗೊತ್ತಿಲ್ಲ, ನಾನು ಆಗಲೇ ಮದುವೆಯಾಗಿ ಹೊರಗಿದ್ದೆ. ಬಂದುಹೋಗುವಾಗ ಕಂಡದ್ದಿಷ್ಟು. ಹರಿಹರದ ಹೊಳೆ ಮರಳಿನ ಮಾತು ನಿಂತು ಕಲ್ಲು ಪುಡಿ ಮಾಡಿದ ಎಂ ಸ್ಯಾಂಡ್ ಬಂತು, ಗಾರೆಗೆ ಅದರಲ್ಲೇ ನುಣುಪಾದ ಪಿ ಸ್ಯಾಂಡ್ ಬಂತು. ಬೋರ್ಡಿನ ಮೇಲಿನ ಕಂಪನಿಗಳು ತಾವೇ ಮಾರಾಟವಾಗತೊಡಗಿದವು. ಎಲ್ ಅಂಡ್ ಟಿ ಸಿಮೆಂಟ್ 2004ರಲ್ಲಿ ಅಲ್ಟ್ರಾಟೆಕ್ ಆಯಿತು. ಎಸಿಸಿ ಮತ್ತು ಅಂಬುಜಾ 2022ರಲ್ಲಿ ಅದಾನಿ ಪಾಲಾದವು. ಅದಕ್ಕೂ ಮೊದಲು ಅವೆರಡೂ ಇದ್ದದ್ದು ಸ್ವಿಸ್ ಕಂಪನಿ ಹೋಲ್ಸಿಮ್ ಕೈಯಲ್ಲಿ, ಆ ಹೋಲ್ಸಿಮ್ ಜೊತೆ 2015ರಲ್ಲಿ ಸೇರಿಹೋದದ್ದು ಅದೇ ಸುಣ್ಣದ ಗೂಡಿನ ಲಫಾರ್ಜ್. ಜಿಎಸ್‌ಟಿ ಬಂದ ಮೇಲೆ ಸಿಮೆಂಟಿಗೆ 28 ಪರ್ಸೆಂಟ್, 2025ರ ಸೆಪ್ಟೆಂಬರ್ 22ರಿಂದ 18. ಇಳಿಯುತ್ತದೆ ಅಂತ ಸುದ್ದಿ ಬಂದ ಮೇಲೆ ಆ ತಿಂಗಳು ನಮ್ಮ ಗಿರಾಕಿಗಳೆಲ್ಲ ಮೋಲ್ಡ್ ಮುಂದೂಡಿ ಕೂತರು. ಗೋಡೌನು ತುಂಬಾ ಮಾಲು, ದೊಡ್ಡಪ್ಪ ಮಾತ್ರ ಚೀಲದ ಮೇಲೆ ಅಚ್ಚಾದ, ಮಾಲು ತಯಾರಾದ ವಾರದ ನಂಬರ್ ನೋಡಿಕೊಂಡು ಚೀಲ ಎಣಿಸುತ್ತಿದ್ದರು. ಅಪ್ಪ ಅಷ್ಟು ಹೊತ್ತಿಗೆ ಇರಲಿಲ್ಲ.

ಈಗ ಅಣ್ಣನ ತಲೆಯಲ್ಲಿ ಇರುವುದು ರೆಡಿಮಿಕ್ಸ್, ಅಂದರೆ ಪ್ಲಾಂಟಿನಲ್ಲೇ ಕಲಸಿ ಲಾರಿಯಲ್ಲಿ ಕಳಿಸುವ ಕಾಂಕ್ರೀಟ್. ಜಾಗ ನೋಡಿದ್ದಾನೆ, ಬೈಪಾಸ್ ಹತ್ತಿರ. ಚಿಕ್ಕಪ್ಪನ ಮಗನೂ ಸೇರುತ್ತಾನಂತೆ, ಅದು ನನಗೆ ಖುಷಿ. ದೊಡ್ಡಪ್ಪ ಮಾತ್ರ ಒಪ್ಪುತ್ತಿಲ್ಲ. "ನೋಡವ್ವಾ, ಕಲಸಿದ ಮಾಲು ಎರಡು ತಾಸಿನೊಳಗೆ ಸುರೀಬೇಕು. ಹರಿಹರಕ್ಕೆ ಆಯ್ತದೆ, ಊರೊಳಗೆ ಆಯ್ತದೆ. ಚನ್ನಗಿರಿ ಆಚೆ ಹಳ್ಳಿಗೆ ಹೆಂಗ್ ಆಯ್ತದೆ? ಹಳ್ಳಿ ಗಿರಾಕಿ ಬಿಟ್ಟು ನಾವು ಯಾರಿಗೆ ಮಾರೋದು" ಅಂತ ನನ್ನ ಹತ್ತಿರ ಹೇಳಿದರು. ಅಣ್ಣನನ್ನು ಕೇಳಿದರೆ ಹಳ್ಳಿಗೆ ಚೀಲ, ಊರಿಗೆ ಮಿಕ್ಸ್, ಎರಡೂ ಇರಲಿ ಅನ್ನುತ್ತಾನೆ. ಆದರೆ ಗೋಡೌನಿಗೆ ಹಾಕಿದ ದುಡ್ಡು ತೆಗೆಯದೆ ಪ್ಲಾಂಟ್ ಏಳುವುದಿಲ್ಲ ಅನ್ನುವುದೂ ಅವನದೇ ಲೆಕ್ಕ. ಮುಂದಿನ ವಾರ ಬ್ಯಾಂಕಿನವರು ಜಾಗ ನೋಡಲು ಬರುತ್ತಾರೆ. ನಾನೂ ಬರ್ತೀನಿ ಅಂತ ದೊಡ್ಡಪ್ಪ ಹೇಳಿದ್ದಾರೆ, ಬೇಡ ಅನ್ನುವ ಧೈರ್ಯ ಅಣ್ಣನಿಗೆ ಇನ್ನೂ ಬಂದಿಲ್ಲ.